ಟೋಕನ್ ನಂಬರ್ ಅರವತ್ತಮೂರು

ವಿಜಯನಗರದಲ್ಲಿರುವ ಗುರುಸಿದ್ದಯ್ಯನವರ ಮನೆಯ ಹಾಲಿನಲ್ಲಿ ಒಂದು ಗೋಡೆ ಗಡಿಯಾರವಿದೆ. ಅದು ಎಷ್ಟು ಸಲ ಸರಿಮಾಡಿದರೂ ಏಳು ನಿಮಿಷ ಹಿಂದೆ ಬೀಳುತ್ತದೆ. ಆದರೂ ಅದನ್ನು ರಿಪೇರಿಗೆ ಕೊಡುವಂತಿಲ್ಲ, ಕೆಳಗಿಳಿಸುವಂತಿಲ್ಲ. ಧೂಳು ಒರೆಸುವುದಿದ್ದರೂ ಸ್ವತಃ ಅವರೇ ಸ್ಟೂಲು ಹತ್ತಿ ಒರೆಸಬೇಕು. ಯಾಕೆಂದರೆ ಗಾಜಿನ ಕೆಳಗೆ ಕೆಂಪು ಅಕ್ಷರದಲ್ಲಿ ಹೀಗೆ ಬರೆದಿದೆ: ‘ದರೋಡೆಯಿಂದ ಬ್ಯಾಂಕನ್ನು ಕಾಪಾಡಿದ ಕ್ಯಾಷಿಯರ್ ಶ್ರೀ ಗುರುಸಿದ್ದಯ್ಯನವರಿಗೆ. ಡಿಸೆಂಬರ್ ೨೦೦೨.’

ಬ್ಯಾಂಕಿನ ಹೆಸರು ಕೇಳಬೇಡಿ. ಅದು ಲಗ್ಗೆರೆಯಲ್ಲಿದ್ದ ಒಂದು ಸಣ್ಣ ಸಹಕಾರ ಬ್ಯಾಂಕು. ಆಮೇಲೆ ಇನ್ನೊಂದು ಬ್ಯಾಂಕಿನಲ್ಲಿ ಸೇರಿಹೋಯಿತು, ಆ ಇನ್ನೊಂದು ಮತ್ತೊಂದರಲ್ಲಿ ಸೇರಿಹೋಯಿತು, ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಉಳಿದಿರುವುದು ಗಡಿಯಾರ ಮತ್ತು ಕಥೆ ಎರಡೇ.

ಗಡಿಯಾರ ಹಿಂದೆ ಬಿದ್ದ ಹಾಗೆ ಕಥೆ ಹಿಂದೆ ಬೀಳಲಿಲ್ಲ. ಮೊದಲ ವರ್ಷ ದರೋಡೆಕೋರ ಒಬ್ಬನೇ ಇದ್ದ. ಮುಖಕ್ಕೆ ಟವೆಲ್ ಸುತ್ತಿದ್ದ, ಕಣ್ಣು ಕೆಂಪಗಿತ್ತು, ಪೇಪರಿನಲ್ಲಿ ಸುತ್ತಿದ ಬಂದೂಕನ್ನು ಗುರುಸಿದ್ದಯ್ಯನವರ ಎದೆಗೆ ಗುರಿಯಿಟ್ಟಿದ್ದ. ಅವರು ಧೃತಿಗೆಡದೆ ಮೇಜಿನಡಿಯ ಸೈರನ್ ಗುಂಡಿ ಒತ್ತಿದ್ದರು, ಕಳ್ಳ ಒಂದು ಚಪ್ಪಲಿ ಬಿಟ್ಟು ಓಡಿದ್ದ. ನಾಮಕರಣ, ಗೃಹಪ್ರವೇಶ, ಮದುವೆ ಊಟದ ಪಂಕ್ತಿಗಳಲ್ಲಿ ಈ ಕಥೆ ಸುತ್ತಾಡಿತು. ಹತ್ತು ವರ್ಷದ ಹೊತ್ತಿಗೆ ಅವನ ಜೊತೆ ಇನ್ನಿಬ್ಬರು ಸೇರಿಕೊಂಡರು. ಬೆಂಗಳೂರಿನಲ್ಲಿ ಹೇಳುವಾಗ ಇಬ್ಬರು, ದಾವಣಗೆರೆಯ ನೆಂಟರಿಗೆ ಹೇಳುವಾಗ ಮೂವರು. ದೂರದಿಂದ ಬಂದವರಿಗೆ ಒಬ್ಬ ಕಳ್ಳನನ್ನು ಜಾಸ್ತಿ ಕೊಡುವುದು ಅತಿಥಿ ಸತ್ಕಾರ ಎಂದೇ ಅವರು ತಿಳಿದಿದ್ದರು.

ಹೀಗೆ ನೆಮ್ಮದಿಯಾಗಿದ್ದ ಕಥೆಗೆ ಕಂಟಕ ಬಂದದ್ದು ಮಹಡಿ ಮನೆಗೆ ಬಾಡಿಗೆಗೆ ಬಂದ ಗಿರಿರಾಜನಿಂದ. ಗಿರಿರಾಜ ಸಿನಿಮಾ ನಿರ್ದೇಶಕ. ಇನ್ನೂ ಯಾವ ಸಿನಿಮಾವನ್ನೂ ಮುಗಿಸಿಲ್ಲ, ಆದರೆ ಬಹಳ ಸಿನಿಮಾಗಳನ್ನು ಶುರು ಮಾಡಿದ್ದಾನೆ. ಈ ಸಲ ಅವನು ಕೈಗೆತ್ತಿಕೊಂಡಿದ್ದು ವಿಫಲವಾದ ಬ್ಯಾಂಕ್ ದರೋಡೆಯ ಕ್ರೈಂ ಸಿನಿಮಾ. ಕೆಂಗೇರಿಯ ಪ್ರೊಡ್ಯೂಸರ್ ಒಬ್ಬರು, ಪೋಸ್ಟರಿನ ಮೇಲೆ ‘ನೈಜ ಘಟನೆ’ ಎಂದು ಹಾಕುವುದಾದರೆ ದುಡ್ಡು ಹಾಕುತ್ತೇನೆ ಎಂದಿದ್ದರು. ನೈಜ ಘಟನೆ ಕೆಳಗಡೆಯೇ, ಬನಿಯನ್ ಹಾಕಿಕೊಂಡು ಹುರುಳಿಕಾಯಿ ಸೋಸುತ್ತ ಕೂತಿತ್ತು.

ಗಿರಿರಾಜ ಹಾಲಿನ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಕ್ಯಾಷಿಯರ್ ಗೂಡು ಕಟ್ಟಿಸಿದ. ಮುಂದೆ ಕೈ ತೂರುವಷ್ಟು ಕಿಂಡಿ, ಮೇಲೆ ‘ನಗದು’ ಎಂಬ ಬೋರ್ಡು. ಗುರುಸಿದ್ದಯ್ಯನವರನ್ನು ಅದರೊಳಗೆ ಕೂರಿಸಿ, ಕ್ಯಾಮೆರಾ ಇಟ್ಟು, ಪ್ರಶ್ನೆ ಕೇಳತೊಡಗಿದ. ಇಪ್ಪತ್ತೆರಡು ವರ್ಷದಲ್ಲಿ ಕಥೆಯನ್ನು ಸಾವಿರ ಜನ ಕೇಳಿದ್ದರು, ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ.

“ಸಾರ್, ಕಳ್ಳ ಎಷ್ಟು ಹೊಡ್ಕೊಂಡ್ ಹೋದ?”

“ಒಂದು ಪೈಸೆ ಇಲ್ಲ.”

“ಅಂದ್ರೆ ಸಂಜೆ ಕ್ಯಾಶ್ ಸರಿಯಾಗಿತ್ತು.”

ಇಲ್ಲಿ ಒಂದು ‘ಹ್ಞೂಂ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಕಳ್ಳರ ವಿಷಯದಲ್ಲಿ ಧಾರಾಳಿಯಾದ ಗುರುಸಿದ್ದಯ್ಯನವರು ಕ್ಯಾಶಿನ ವಿಷಯದಲ್ಲಿ ಒಂದು ರೂಪಾಯಿ ಸುಳ್ಳು ಹೇಳಿದವರಲ್ಲ.

“ಮುನ್ನೂರು ಹೆಚ್ಚಿಗೆ ಇತ್ತು,” ಎಂದರು.

“ಏನು ಹೆಚ್ಚಿಗೆ?”

“ಕ್ಯಾಶು ಕಣಪ್ಪಾ. ಲೆಕ್ಕಕ್ಕಿಂತ ಮುನ್ನೂರು ರೂಪಾಯಿ ಜಾಸ್ತಿ.”

ಗಿರಿರಾಜ ಕ್ಯಾಮೆರಾದಿಂದ ತಲೆ ಎತ್ತಿದ. “ಸಾರ್, ದರೋಡೆ ಆದ್ಮೇಲೆ ದುಡ್ಡು ಜಾಸ್ತಿ ಆಯ್ತಾ?”

“ಆಯ್ತಪ್ಪ. ನಾನೇನ್ ಮಾಡ್ಲಿ. ಮೂರು ಸಲ ಎಣಿಸಿದ್ವಿ.”

“ಮತ್ತೆ ಕಳ್ಳ ಏನೂ ತಗೊಂಡು ಹೋಗ್ಲಿಲ್ವಾ?”

“ಒಂದು ಟೋಕನ್ ತಗೊಂಡ್ ಹೋದ. ಅರವತ್ತಮೂರು.”

ಈಗಿನವರಿಗೆ ಟೋಕನ್ ಗೊತ್ತಿರಲಾರದು. ಆಗ ದುಡ್ಡು ತೆಗೆಯಬೇಕಾದರೆ ಒಂದು ಕೌಂಟರಿನಲ್ಲಿ ಸ್ಲಿಪ್ ಕೊಡಬೇಕು, ಅವರು ನಂಬರ್ ಹೊಡೆದ ಹಿತ್ತಾಳೆ ಬಿಲ್ಲೆ ಕೊಡುತ್ತಾರೆ. ಸ್ಲಿಪ್ಪು ಲೆಜರಿಗೆ ಏರಿ, ಆಫೀಸರ ಮೇಜು ದಾಟಿ, ಕ್ಯಾಷಿಯರ ಗೂಡಿಗೆ ಬರುವವರೆಗೆ ಬೆಂಚಿನ ಮೇಲೆ ಕಾಯಬೇಕು. ಕ್ಯಾಷಿಯರ್ ನಂಬರ್ ಕೂಗಿದಾಗ ಬಿಲ್ಲೆ ಕೊಟ್ಟು ದುಡ್ಡು ತೆಗೆದುಕೊಳ್ಳಬೇಕು. ಅವತ್ತು ಗಲಾಟೆಯಲ್ಲಿ ಚೊಂಬಿನ ನೀರು ಚೆಲ್ಲಿ ಅರವತ್ತಮೂರನೇ ಸ್ಲಿಪ್ಪಿನ ಮೇಲಿನ ಹೆಸರು, ಮೊತ್ತ ಎಲ್ಲ ಅಳಿಸಿಹೋಗಿತ್ತು. ಟೋಕನ್ನೂ ಸಿಗಲಿಲ್ಲ. ಟೋಕನ್ ಕಳೆದಿದೆ ಎಂದು ಬೋರ್ಡಿನ ಮೇಲೆ ನೋಟಿಸು ಹಚ್ಚಿದರು, ಕದ್ದವನು ಕಳ್ಳನೇ ಎಂದು ತೀರ್ಮಾನ ಮಾಡಿದರು.

“ಅರವತ್ತಮೂರು ಅಂದ್ರೆ ಶಿವಭಕ್ತ ಪುರಾತನರ ನಂಬರು ಬೇರೆ,” ಎಂದು ಗುರುಸಿದ್ದಯ್ಯನವರು ಈಗಲೂ ನೊಂದುಕೊಂಡರು.

“ಟೋಕನ್ ಕದ್ದು ಏನ್ ಮಾಡ್ತಾನೆ ಸಾರ್?”

“ಹಿತ್ತಾಳೆ ಅಲ್ವೇನಪ್ಪಾ. ಆಗ ಹಿತ್ತಾಳೆಗೆ ಒಳ್ಳೆ ರೇಟಿತ್ತು.”

ಅಂದಿನಿಂದ ರಸ್ತೆಗೆ ರಸ್ತೆಯೇ ಗೊಂದಲಕ್ಕೆ ಬಿತ್ತು. ಗುರುಸಿದ್ದಯ್ಯನವರ ಹೆಂಡತಿ ಜಗದಾಂಬಾ ಅವರದು ಕರುಣೆಯ ಪಕ್ಷ: “ಪಾಪ, ಒಳ್ಳೆ ಮನೆಯವನೇ ಇರಬೇಕು. ಹೆದರಿಕೊಂಡು ಕೈಲಿದ್ದ ಮುನ್ನೂರನ್ನೂ ಬಿಟ್ಟು ಹೋಗಿದಾನೆ.” ಪಕ್ಕದ ಮನೆಯ ಸುಬ್ರಮಣಿ ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತರಾದವರು. ಅವರು ಎರಡು ದಿನ ಯೋಚಿಸಿ, “ಮುನ್ನೂರು ಇಟ್ಟು ಹೋಗಿದಾನೆ ಅಂದ್ರೆ ಮತ್ತೆ ಬರ್ತಾನೆ ಅಂತ ಅರ್ಥ,” ಎಂದರು. ಇಪ್ಪತ್ತೆರಡು ವರ್ಷದಿಂದ ಬಂದಿಲ್ಲವಲ್ಲ ಎಂದಾಗ, “ಪ್ರೊಫೆಷನಲ್ ಇರಬೇಕು,” ಎಂದರು. ಕೆಂಗೇರಿಯ ಪ್ರೊಡ್ಯೂಸರ್ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು ಗಿರಿರಾಜನಿಗೆ ಒಂದೇ ಮಾತು ಹೇಳಿದರು: “ಕಳ್ಳ ಬಂದು ದುಡ್ಡು ಇಟ್ಟು ಹೋದ್ರೆ ಅದು ದರೋಡೆ ಅಲ್ಲ ಗುರು, ಹುಂಡಿ. ಬೇರೆ ಕ್ಲೈಮ್ಯಾಕ್ಸ್ ತಾ.”

ಈ ಗಲಾಟೆಯಲ್ಲಿ ತಲೆ ನೆಟ್ಟಗಿದ್ದವಳು ಮಗಳು ಶಿವರಂಜನಿ ಒಬ್ಬಳೇ. ಅವಳ ಚಿಂತೆ ಬೇರೆ. ಮಲ್ಲತ್ತಹಳ್ಳಿಯ ಮಹದೇವ್ ಎಂಬ ಹುಡುಗನನ್ನು ಅವಳೇ ಮೆಚ್ಚಿ, ಎರಡು ವರ್ಷ ಕಾದು, ಎರಡೂ ಮನೆಯವರನ್ನು ಒಪ್ಪಿಸಿ, ಈ ಭಾನುವಾರ ಮಾತುಕತೆಗೆ ಬರುವ ಹಾಗೆ ಮಾಡಿದ್ದಳು. ಎಲೆ ಅಡಿಕೆ ಬದಲಾಯಿಸಿಬಿಟ್ಟರೆ ಸಂಬಂಧ ಗಟ್ಟಿ. ಹುಡುಗನ ತಂದೆ ನಾಗಭೂಷಣ್ ಪೀಣ್ಯದಲ್ಲಿ ಲೇತ್ ಮೆಷಿನ್ನಿನ ವರ್ಕ್‌ಶಾಪ್ ಇಟ್ಟವರು, ಬಹಳ ಮರ್ಯಾದಸ್ಥರು, ಸಣ್ಣ ಮಾತಿಗೂ ಮನಸ್ಸಿಗೆ ಹಚ್ಚಿಕೊಳ್ಳುವವರು ಎಂದು ಮಹದೇವ್ ಮೊದಲೇ ಹೇಳಿದ್ದ.

“ಅಪ್ಪಾ, ಆ ಬೋನು ತೆಗೆಸಿ,” ಎಂದಳು ಶನಿವಾರ.

“ಇರ್ಲಿ ಬಿಡಮ್ಮ. ಹುಡುಗಿ ಅಪ್ಪ ಎಂಥವರು ಅಂತ ಅವರಿಗೂ ಗೊತ್ತಾಗ್ಲಿ.”

“ಗೊತ್ತಾಗೋದೇ ಬೇಡ ಅಂತ ನಾನು ಹೇಳ್ತಾ ಇರೋದು.”

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಗೋಡೆ ಗಡಿಯಾರದಲ್ಲಿ ಹತ್ತು ಐವತ್ಮೂರಕ್ಕೆ, ಬೀಗರು ಬಂದರು. ನಾಗಭೂಷಣ್, ಅವರ ಹೆಂಡತಿ ಗಿರಿಜಾದೇವಿ, ಮಗ ಮಹದೇವ್. ಮೆಷಿನ್ನಿನ ಸದ್ದಿನಲ್ಲಿ ಬದುಕಿದವರಾದ್ದರಿಂದ ನಾಗಭೂಷಣ್ ಹೇಳಿದ ‘ಶರಣು’ ಎದುರು ಸಾಲಿನ ಮನೆಯವರಿಗೂ ತಲುಪಿತು. ಸುಬ್ರಮಣಿ ಹಿರಿಯರಾಗಿ ಕೂತರು. ಒಳಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ತಟ್ಟೆ ತಂದಿಟ್ಟವನು ಭರಮಪ್ಪ. ಆಗಿನ ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದ ಗದಗದ ಕಡೆಯ ಈ ಭರಮಪ್ಪ, ಈಗಲೂ ಲಗ್ಗೆರೆಯಿಂದ ಈ ಮನೆಯ ಪ್ರತಿಯೊಂದು ಕಾರ್ಯಕ್ಕೂ ಬಂದು ನಿಲ್ಲುತ್ತಾನೆ. ಅವನ ಎಲೆಗೆ ಮಾತ್ರ ಎರಡು ಹೋಳಿಗೆ ಹೆಚ್ಚು ಬೀಳುವುದು ಯಾಕೆಂದು ಇದುವರೆಗೆ ಯಾರೂ ವಿಚಾರಿಸಿರಲಿಲ್ಲ.

“ಇದೇನು ಸಾರ್, ಟಿಕೆಟ್ ಕೌಂಟರ್ ಇದ್ದಂಗಿದೆ?” ಎಂದು ನಾಗಭೂಷಣ್ ಪ್ಲೈವುಡ್ ಗೂಡನ್ನು ತೋರಿಸಿ ಕೇಳಿದರು.

ಶಿವರಂಜನಿ ಕಣ್ಣು ಮುಚ್ಚಿಕೊಂಡಳು. ಗುರುಸಿದ್ದಯ್ಯನವರು ಗೂಡಿನೊಳಗೇ ಹೋಗಿ ಕೂತು, ಕಿಂಡಿಯ ಹಿಂದಿನಿಂದ ಕಥೆ ಪ್ರಾರಂಭಿಸಿದರು. ಮಹಡಿಯಿಂದ ಗಿರಿರಾಜ ಇಳಿದು ಬಂದು ಕ್ಯಾಮೆರಾ ಚಾಲೂ ಮಾಡಿದ.

“ಎರಡು ಸಾವಿರದ ಎರಡು, ಡಿಸೆಂಬರು, ಲಗ್ಗೆರೆ ಬ್ರಾಂಚು…”

ನಾಗಭೂಷಣರ ಕೈಯಲ್ಲಿದ್ದ ಬಜ್ಜಿ ಅರ್ಧದಲ್ಲೇ ನಿಂತಿತು. “ಹನ್ನೆರಡು ಗಂಟೆ ಹೊತ್ತಿಗಾ?”

“ಹೌದು.”

“ಸೈರನ್ ಆಯ್ತಾ?”

“ನಾನೇ ಒತ್ತಿದ್ದು.”

ನಾಗಭೂಷಣ್ ಎದ್ದು ನಿಂತರು. “ಬೀಗ್ರೇ, ಅವತ್ತು ನಾನೂ ಅಲ್ಲೇ ಇದ್ದೆ ಕಣ್ರೀ.”

ಗಿರಿಜಾದೇವಿಯ ಮುಖ ಅರಳಿತು. ವಿಷಯ ಏನೆಂದರೆ, ವಿಜಯನಗರದಲ್ಲಿ ಗುರುಸಿದ್ದಯ್ಯನವರು ಹೇಗೋ ಹಾಗೆ ಮಲ್ಲತ್ತಹಳ್ಳಿಯಲ್ಲಿ ನಾಗಭೂಷಣ್. ಬ್ಯಾಂಕ್ ದರೋಡೆಯ ಮಧ್ಯದಿಂದ ಜೀವ ಉಳಿಸಿಕೊಂಡು ಬಂದವರು ಎಂದು ಅವರಿಗೂ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರ ಗುಂಪಿನಲ್ಲಿ ಒಂದು ಸ್ಥಾನವಿತ್ತು.

“ಕಣ್ಣಾರೆ ನೋಡಿದೀನಿ,” ಎಂದರು ನಾಗಭೂಷಣ್. “ಮೂರು ಜನ.”

ಈಗ ಗಾಬರಿಯಾದದ್ದು ಗುರುಸಿದ್ದಯ್ಯನವರಿಗೆ. ಆ ಹೆಚ್ಚಿನ ಇಬ್ಬರನ್ನು ಅವರೇ ದಾವಣಗೆರೆಯ ಒಂದು ಮದುವೆಯ ಊಟದಲ್ಲಿ, ಪಾಯಸ ಬರುವ ಹೊತ್ತಿಗೆ ಹುಟ್ಟಿಸಿದ್ದರು. ಅವರನ್ನು ಇನ್ನೊಬ್ಬರು ಕಣ್ಣಾರೆ ನೋಡಿದ್ದಾರೆಂದರೆ ಹೇಗೆ?

“ಮೂರೂ ಜನಾನಾ?” ಎಂದರು ಮೆಲ್ಲಗೆ.

“ಮೂರೂ ಜನ. ಒಬ್ಬನ ಕೈಲಿ ಮಚ್ಚು.”

ಮಚ್ಚಿನ ವಿಷಯ ಗುರುಸಿದ್ದಯ್ಯನವರಿಗೇ ಹೊಸದು. ಇರಬಹುದೇನೋ, ನಾನೇ ಗಮನಿಸಲಿಲ್ಲವೇನೋ ಎಂಬ ಅನುಮಾನ ಅವರನ್ನು ಮುತ್ತಿತು.

ಸುಬ್ರಮಣಿ ಜೇಬಿನಿಂದ ಪೆನ್ನು ತೆಗೆದರು. “ಐ ವಿಟ್ನೆಸ್ ಈಗ ಸಿಕ್ಕಿದಾರೆ. ಸಾರ್, ನೀವು ಅಲ್ಲೇ ಇದ್ರಿ ಅನ್ನೋದಕ್ಕೆ ಏನಾದ್ರೂ ಪ್ರೂಫ್?”

“ಇಲ್ದೆ ಏನು?” ಎಂದು ನಾಗಭೂಷಣ್ ಕೀ ಗೊಂಚಲು ಹೊರಗೆಳೆದರು. ಗೊಂಚಲಿನಲ್ಲಿ ತಿಕ್ಕಿ ತಿಕ್ಕಿ ಹೊಳೆಯುವ ಒಂದು ಹಿತ್ತಾಳೆ ಬಿಲ್ಲೆ. “ಜೀವ ಉಳಿಸಿದ ಬಿಲ್ಲೆ ಅಂತ ಅವತ್ತಿಂದ ಇಟ್ಕೊಂಡಿದೀನಿ. ಓದಿ ನೋಡಿ.”

ಸುಬ್ರಮಣಿ ಓದಿದರು. ಆಮೇಲೆ ಗುರುಸಿದ್ದಯ್ಯನವರ ಮುಖ ನೋಡಿದರು. ಆಮೇಲೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು.

“ಯಾರೂ ಹೊರಗೆ ಹೋಗೋ ಹಾಗಿಲ್ಲ,” ಎಂದರು. “ಅರವತ್ಮೂರು.”

ಜಗದಾಂಬಾ ಅಡುಗೆಮನೆಯ ಬಾಗಿಲಲ್ಲಿ ಹೋಳಿಗೆ ತಟ್ಟೆ ಹಿಡಿದು ನಿಂತವರು, ಅದನ್ನು ಕಳ್ಳನಿಗೆ ಕೊಡುವುದೋ ಬೀಗರಿಗೆ ಕೊಡುವುದೋ ತಿಳಿಯದೆ ಅಲ್ಲೇ ಉಳಿದರು.

“ಏನ್ ಸಾರ್ ಅರವತ್ಮೂರು?” ಎಂದರು ನಾಗಭೂಷಣ್.

“ಅದು ದರೋಡೆಕೋರ ಕದ್ದ ಟೋಕನ್ ಸಾರ್,” ಎಂದ ಗಿರಿರಾಜ, ಫೋಕಸ್ ಸರಿಮಾಡುತ್ತ.

“ಯಾರು ಕದ್ದದ್ದು? ನಾನು ಸ್ಲಿಪ್ ಕೊಟ್ಟು ತಗೊಂಡಿರೋ ಟೋಕನ್ ಇದು. ಮುನ್ನೂರು ರೂಪಾಯಿಗೆ.” ನಾಗಭೂಷಣರ ಸ್ವರ ಏರಿತು. “ಅವತ್ತು ಬ್ಯಾಂಕ್ ಪಕ್ಕದಲ್ಲೇ ಹಲ್ಲು ಕೀಳಿಸಿಕೊಂಡಿದ್ದೆ. ಡಾಕ್ಟರ ಫೀಸು ಕೊಡೋಕೆ ದುಡ್ಡು ತೆಗೆಯೋಣ ಅಂತ ಬಂದೆ. ನನ್ನ ಮನೆಗೆ ಕರೆದು ನನ್ನನ್ನೇ ಕಳ್ಳ ಅಂತೀರಾ? ಏಳೇ ಗಿರಿಜಾ. ಮಹದೇವಾ, ಗಾಡಿ ತೆಗಿ.”

‘ನನ್ನ ಮನೆಗೆ ಕರೆದು’ ಎಂಬಲ್ಲಿ ಮನೆ ಅದಲು ಬದಲಾದದ್ದನ್ನು ಯಾರೂ ಗಮನಿಸಲಿಲ್ಲ, ಅಷ್ಟು ಕೋಪವಿತ್ತು. ಮಹದೇವ್ ಏಳಲೂ ಇಲ್ಲ, ಕೂರಲೂ ಇಲ್ಲ. ಶಿವರಂಜನಿ ಮುಂದೆ ಬಂದಳು.

“ಅಂಕಲ್, ಐದು ನಿಮಿಷ ಕೂತ್ಕೊಳ್ಳಿ, ಪ್ಲೀಸ್. ಹಲ್ಲು ಕಿತ್ತಮೇಲೆ ಡಾಕ್ಟರು ಏನು ಹೇಳಿದ್ರು?”

“ಏನ್ ಹೇಳ್ತಾರಮ್ಮ. ಹತ್ತಿ ಕಚ್ಕೊಂಡಿರಿ, ಒಂದು ಗಂಟೆ ಮಾತಾಡಬೇಡಿ ಅಂದ್ರು. ಗಾಳಿ ಹೊಡೀಬಾರದು ಅಂತ ಟವೆಲ್ ಸುತ್ಕೊಂಡಿದ್ದೆ.”

“ಕೈಯಲ್ಲಿ?”

“ವರ್ಕ್‌ಶಾಪಿಂದ ಬಂದಿದ್ನಲ್ಲ, ಒಂದು ಶಾಫ್ಟ್ ಇತ್ತು. ಕಬ್ಬಿಣದ್ದು, ಇಷ್ಟುದ್ದ. ಎಣ್ಣೆ ಸೋರುತ್ತೆ ಅಂತ ಪೇಪರ್ ಸುತ್ತಿದ್ದೆ.”

ಇಷ್ಟಾದ ಮೇಲೆ ಯಾರಿಗಾದರೂ ಅರ್ಥವಾಗಬೇಕು. ಆದರೆ ಸುಬ್ರಮಣಿ ಇಲಾಖೆಯವರು; ಮಹಜರು ಆಗದೆ ಏನನ್ನೂ ಅರ್ಥ ಮಾಡಿಕೊಳ್ಳುವಂತಿಲ್ಲ. “ಅವತ್ತು ಹೇಗೆ ಬಂದ್ರೋ ಹಾಗೇ ಒಂದ್ಸಲ ಬಂದು ತೋರಿಸಿ ಸಾರ್,” ಎಂದರು. ನಾಗಭೂಷಣ್ ಹಟಕ್ಕೆ ಬಿದ್ದು ಒಪ್ಪಿದರು. ಜಗದಾಂಬಾ ಅವರ ಟವೆಲ್ ಬಂತು. ಶಾಫ್ಟಿನ ಬದಲು ಲಟ್ಟಣಿಗೆ ಬಂತು, ಅದಕ್ಕೆ ಬೆಳಗಿನ ಪತ್ರಿಕೆ ಸುತ್ತಿದರು. ಗುರುಸಿದ್ದಯ್ಯನವರು ಗೂಡಿನಲ್ಲಿ ಕೂತು, ನೋಟಿಗೆ ಬದಲಾಗಿ ಗಿರಿರಾಜ ಕೊಟ್ಟ ಹಳೇ ಸ್ಕ್ರಿಪ್ಟಿನ ಹಾಳೆಗಳನ್ನು ತಲೆ ತಗ್ಗಿಸಿ ಎಣಿಸತೊಡಗಿದರು.

ನಾಗಭೂಷಣ್ ಬಾಗಿಲ ಹೊರಗೆ ಹೋಗಿ ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೆ ಬಂದರು. ಖಾರದ ಬಜ್ಜಿ ತಿಂದಿದ್ದರಿಂದ ಕಣ್ಣು ಅವತ್ತಿನಷ್ಟೇ ಕೆಂಪಗಿತ್ತು. ಮಾತಾಡುವಂತಿರಲಿಲ್ಲವಾದ್ದರಿಂದ, ನನ್ನ ನಂಬರ್ ಬಂತಾ ಎಂದು ಕೇಳುವ ರೀತಿಯಲ್ಲಿ, ಲಟ್ಟಣಿಗೆಯ ತುದಿಯಿಂದ ಕಿಂಡಿಯನ್ನು ಎರಡು ಸಲ ತಟ್ಟಿದರು.

ಟಕ್, ಟಕ್.

ಗುರುಸಿದ್ದಯ್ಯನವರು ತಲೆ ಎತ್ತಿದರು. ಎರಡು ಕೆಂಪು ಕಣ್ಣು ನೋಡಿದರು. ‘ಅಯ್ಯೋ ಬಸವಾ’ ಎಂದು ಅರ್ಧ ಅಂದು, ಕುರ್ಚಿಯಲ್ಲೇ ಜಾರಿ ಮೂರ್ಛೆ ಹೋದರು. ಜಾರುವಾಗ ಅವರ ಮೊಣಕಾಲು ಪ್ಲೈವುಡ್ಡಿಗೆ ದಡಾರನೆ ಬಡಿದು, ‘ನಗದು’ ಬೋರ್ಡು ಕಳಚಿ ಬಿತ್ತು.

ಓಡಿ ಬಂದವನು ಭರಮಪ್ಪ ಒಬ್ಬನೇ. ಅಡುಗೆಮನೆಯಿಂದ ಚೊಂಬು ತಂದು, ಅಭ್ಯಾಸ ಇದ್ದವನ ಹಾಗೆ, ಗುರುಸಿದ್ದಯ್ಯನವರ ಮುಖಕ್ಕೂ ಮುಂದಿದ್ದ ಹಾಳೆಗಳಿಗೂ ಸರಿಯಾಗಿ ನೀರು ಹೊಡೆದ.

“ಅವತ್ತೂ ಹಿಂಗ ಆಗಿತ್ತು ನೋಡ್ರಿ,” ಎಂದ.

“ಏನು ಹಿಂಗ?” ಎಂದರು ಸುಬ್ರಮಣಿ.

“ಗುಂಡಿ ಒತ್ತಿದ್ದು ಸಾಹೇಬ್ರಲ್ರಿ. ಸಾಹೇಬ್ರ ಮೊಣಕಾಲು. ಅವರು ಎಚ್ಚರ ತಪ್ಪಿ ಬಿದ್ರು, ಮೊಣಕಾಲು ಗುಂಡಿಗೆ ಬಡೀತು, ಸೈರನ್ ಹೊಡ್ಕೊಂತು, ಮಂದಿ ಎಲ್ಲಾ ಓಡಿತು. ನಾ ನೀರು ಹಾಕಿದೆ, ಸ್ಲಿಪ್ಪಿನ ಶಾಯಿ ಹರೀತು. ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡ ಇದ್ದೆ ರೀ. ಹೋಳಿಗಿ ಋಣ.”

ಗಿರಿಜಾದೇವಿ ಗಂಡನ ಕಡೆ ತಿರುಗಿದರು. “ರೀ, ಹಾಗಾದ್ರೆ ನೀವು ಯಾರನ್ನು ನೋಡಿ ಓಡಿದ್ದು?”

“ಎಲ್ಲರೂ ಓಡ್ತಾ ಇದ್ರು. ದರೋಡೆ ದರೋಡೆ ಅಂದ್ರು. ನಾನೂ ಓಡಿದೆ,” ಎಂದರು ನಾಗಭೂಷಣ್ ಟವೆಲ್ಲಿನೊಳಗಿಂದ.

“ಅಂದ್ರೆ ನಿಮ್ಮನ್ನ ನೋಡಿ ಅವರೆಲ್ಲ ಓಡಿದ್ರು, ಅವರನ್ನ ನೋಡಿ ನೀವು ಓಡಿದ್ರಿ.”

“ಹಾಗನ್ಸುತ್ತೆ.”

“ಆ ಮಚ್ಚು?”

ನಾಗಭೂಷಣ್ ಟವೆಲ್ ಬಿಚ್ಚಲಿಲ್ಲ. ಸದ್ಯಕ್ಕೆ ಅದು ಹಾಗೇ ಇರುವುದು ಕ್ಷೇಮವೆಂದು ಅವರಿಗೆ ತೋರಿತು. “ನನ್ನ ಮುನ್ನೂರು ಕಳ್ಳರ ಪಾಲಾಯ್ತು ಅಂದ್ಕೊಂಡು ಮತ್ತೆ ಆ ಬ್ಯಾಂಕಿನ ಕಡೆ ತಲೆ ಹಾಕ್ಲಿಲ್ಲ. ಒಂದು ಚಪ್ಪಲಿ ಬೇರೆ ಹೋಯ್ತು,” ಎಂದಷ್ಟೇ ಹೇಳಿದರು.

ಗುರುಸಿದ್ದಯ್ಯನವರು ಕಣ್ಣು ಬಿಟ್ಟಾಗ ಇಡೀ ಮನೆ ಅವರನ್ನೇ ನೋಡುತ್ತಿತ್ತು. ಜಗದಾಂಬಾ ಗೋಡೆಯ ಗಡಿಯಾರವನ್ನೊಮ್ಮೆ, ಗಂಡನ ಮೊಣಕಾಲನ್ನೊಮ್ಮೆ ನೋಡಿದರು. “ಇನ್ಮೇಲೆ ಒರೆಸೋಕೆ ನೀವು ಸ್ಟೂಲ್ ಹತ್ತೋದು ಬೇಡ ಬಿಡಿ. ಬಿದ್ದೀರಿ,” ಎಂದರು. ಬೈದಿದ್ದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಕಥೆ ಹೋಯಿತು, ಅದಿರಲಿ. ಗುರುಸಿದ್ದಯ್ಯನವರು ಎದುರಿಗೆ ನಿಂತ ಮಗಳ ಮುಖ ನೋಡಿದರು. ಎರಡು ವರ್ಷ ಕಾದ ಸಂಬಂಧವನ್ನು, ಬೀಗರನ್ನು ಕಳ್ಳ ಮಾಡಿ, ಅರ್ಧ ಗಂಟೆಯಲ್ಲಿ ಕೆಡಿಸಿದ್ದಾಯಿತು.

ನಾಗಭೂಷಣ್ ಮೆಲ್ಲಗೆ ಟವೆಲ್ ಬಿಚ್ಚಿ ಮಡಿಸಿ ಸೋಫಾದ ಮೇಲಿಟ್ಟರು. ಗೊಂಚಲಿನಿಂದ ಬಿಲ್ಲೆಯನ್ನು ಬಿಡಿಸಿಕೊಂಡರು. ಅವರು ಬಾಗಿಲಿಗೆ ಹೋಗುತ್ತಾರೆಂದೇ ತಿಳಿದು ಶಿವರಂಜನಿ ಪಕ್ಕಕ್ಕೆ ಸರಿದಳು. ಅವರು ಗೂಡಿನ ಹತ್ತಿರ ಬಂದು ಬಿಲ್ಲೆಯನ್ನು ಕಿಂಡಿಯೊಳಗೆ ಇಟ್ಟರು.

“ಸಾರ್,” ಎಂದರು, ಜೀವಮಾನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ. “ಬೆಳಿಗ್ಗೆಯಿಂದ ಕಾಯ್ತಾ ಇದೀನಿ. ನನ್ನ ನಂಬರ್ ಇನ್ನೂ ಕರೆದಿಲ್ಲ.”

ಗುರುಸಿದ್ದಯ್ಯನವರು ಒದ್ದೆ ಮುಖವನ್ನು ತೋಳಿನಿಂದ ಒರೆಸಿಕೊಂಡರು. ಕನ್ನಡಕ ಹುಡುಕಿ ಹಾಕಿಕೊಂಡರು. ಬಿಲ್ಲೆಯನ್ನು ತಿರುಗಿಸಿ ಎರಡೂ ಕಡೆ ಪರೀಕ್ಷಿಸಿದರು, ಯಾಕೆಂದರೆ ನಿಯಮ ನಿಯಮವೇ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹಳೇ ಬ್ಯಾಂಕಿನ ಕೊನೇ ಬೆಂಚಿಗೆ ಕೇಳಿಸುವ ಹಾಗೆ ಕೂಗಿದರು.

“ಟೋಕನ್ ನಂಬರ್ ಅರವತ್ತಮೂರು.”

ಒಂದು ಗೇಣು ದೂರದಲ್ಲಿ ನಿಂತಿದ್ದ ನಾಗಭೂಷಣ್, “ಬಂದೆ ಸಾರ್,” ಎಂದರು.

ಕಿಂಡಿಯ ಹಿಂದೆ ಹಣವಿರಲಿಲ್ಲ. ಗುರುಸಿದ್ದಯ್ಯನವರು ಜಗದಾಂಬಾ ಕಡೆ ನೋಡಿದರು. ಮೂವತ್ತು ವರ್ಷದ ಸಂಸಾರ. ಅವರು ಎಲೆ ಅಡಿಕೆಯ ತಟ್ಟೆಯನ್ನು ತಂದು ಗೂಡಿನ ಹಿಂಬದಿಯಿಂದ ಗಂಡನ ಕೈಗಿಟ್ಟರು. ತಟ್ಟೆ ಕಿಂಡಿಯಲ್ಲಿ ಹಿಡಿಸಲಿಲ್ಲ. ಎಲೆಯ ಕಟ್ಟು, ಅಡಿಕೆ, ತೆಂಗಿನಕಾಯಿಯನ್ನು ಒಂದೊಂದಾಗಿ ತೂರಿಸಿದರು. ಗಿರಿಜಾದೇವಿ ಸೆರಗಿನಲ್ಲಿ ಹಿಡಿದುಕೊಂಡು, ತಾವು ತಂದ ಕಟ್ಟನ್ನು ಅದೇ ಕಿಂಡಿಯಿಂದ ಒಳಗೆ ಕಳಿಸಿದರು. ಸುಬ್ರಮಣಿ ಬಾಗಿಲು ಬಿಟ್ಟು ಬಂದು ಕೂತು, ಕೇಸು ಮುಗಿಯಿತೆಂಬಂತೆ ಒಂದು ಬಜ್ಜಿ ಎತ್ತಿಕೊಂಡರು. ತನ್ನ ಸಿನಿಮಾದಲ್ಲಿ ದರೋಡೆಯೂ ಇಲ್ಲ, ಕಳ್ಳನೂ ಇಲ್ಲ ಎಂಬುದು ಆಗಷ್ಟೇ ಹೊಳೆದ ಗಿರಿರಾಜ ಮಾತ್ರ ಕ್ಯಾಮೆರಾದ ಪಕ್ಕದಲ್ಲಿ ತಲೆ ಹಿಡಿದುಕೊಂಡು ನಿಂತಿದ್ದ.

ನಾಗಭೂಷಣ್ ಹೆಂಡತಿಯ ಸೆರಗಿನಿಂದ ಎಲೆಯ ಕಟ್ಟನ್ನು ಕೈಗೆತ್ತಿಕೊಂಡು ತಿರುಗಿ ಹೊರಡುವುದರಲ್ಲಿದ್ದರು. ಗುರುಸಿದ್ದಯ್ಯನವರು ಕಿಂಡಿಯಿಂದ ಕೈ ಚಾಚಿ ತಡೆದರು.

“ಕೌಂಟರ್ ಬಿಡೋಕೆ ಮುಂಚೆ ಎಣಿಸ್ಕೊಳ್ಳಿ ಸಾರ್. ಆಮೇಲೆ ಬಂದ್ರೆ ಬ್ಯಾಂಕು ಜವಾಬ್ದಾರಿ ಅಲ್ಲ.”

“ಅಪ್ಪಾ,” ಎಂದಳು ಶಿವರಂಜನಿ.

ಆದರೆ ನಾಗಭೂಷಣ್ ಆಗಲೇ ಬೆರಳಿಗೆ ಎಂಜಲು ಹಚ್ಚಿಕೊಂಡು ವೀಳ್ಯದೆಲೆ ಎಣಿಸುತ್ತಿದ್ದರು.